ಸಾಲಿಗೆ ರೊಕ್ಕ ಕಡಿಮೆಯಾದರೆ ಹೊರೆ ಯಾರ ಮೇಲೆ?



ಸಂಘದ ಸಭೆಯಲ್ಲಿ ನಾವು ಜಮಾ-ಖರ್ಚು ಓದುತ್ತೇವೆ. ಸರ್ಕಾರವೂ ವರ್ಷಕ್ಕೊಮ್ಮೆ ತನ್ನ ಜಮಾ-ಖರ್ಚು ಓದುತ್ತದೆ, ಅದೇ ಬಜೆಟ್. ರೊಕ್ಕ ಸಾಲದು ಎಂದಾಗ ಮೊದಲು ನಿಲ್ಲುವುದು ಗದ್ದಲ ಮಾಡದವರ ಖರ್ಚು. ಮಾಸ್ತರಿಲ್ಲದ ತರಗತಿಯಲ್ಲಿ ಮಕ್ಕಳು ಗದ್ದಲ ಮಾಡುತ್ತಾರೆ ನಿಜ, ಅದು ಬೆಂಗಳೂರಿಗೆ ಕೇಳಿಸುವುದಿಲ್ಲ!

ದೇಶದ ಆದಾಯದಲ್ಲಿ 100ಕ್ಕೆ 6 ರೂಪಾಯಿ ಶಿಕ್ಷಣಕ್ಕೆ ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. ಇವತ್ತಿಗೂ ಅಷ್ಟು ಕೊಟ್ಟಿಲ್ಲ. ಸರ್ವ ಶಿಕ್ಷಾ ಅಭಿಯಾನದ 100 ರೂಪಾಯಿಯಲ್ಲಿ ಕೇಂದ್ರ 65 ಕೊಡುತ್ತಿತ್ತು, 2015-16ರಿಂದ 60 ಮಾಡಿತು. 2022-23ರಿಂದ ಅಲ್ಪಸಂಖ್ಯಾತರ 1ರಿಂದ 8ನೇ ತರಗತಿ ಮಕ್ಕಳ ವಿದ್ಯಾರ್ಥಿವೇತನ ನಿಂತಿತು.

ಸೈಕಲ್ ನೆನಪಿದೆಯೇ? 2006-07ರಲ್ಲಿ 8ನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಕೊಡಲು ಶುರುಮಾಡಿದರು, ಆಮೇಲೆ ಗಂಡುಮಕ್ಕಳಿಗೂ ಬಂತು. ಎಷ್ಟೋ ಊರಾಗ 7ನೇತ್ತಾದ ತನಕ ಸಾಲಿ, ಹೈಸ್ಕೂಲ್ ದೂರ. 2020ರಲ್ಲಿ ಕೊರೊನಾ ಅಂತ ಸೈಕಲ್ ನಿಂತಿತು. ಸಾಲಿ ಬಾಗಿಲು ತೆರೆದ ಮೇಲೂ ಅದು ಬರಲಿಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ಪುಕ್ಕಟೆ, ಆದರೆ ಬಸ್ಸೇ ಬಾರದ ಊರಿಗೆ ಟಿಕೆಟ್ ಏನು ಮಾಡೀತು? "ಒಬ್ಬಾಕಿನ್ನ ಹೆಂಗ ಕಳಸೂದು" ಅಂತ ತಾಯಿ ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾಳೆ. ಹತ್ತಿ ಬಿಡಿಸುವ ಕಾಲಕ್ಕೆ ಆ ಹುಡುಗಿ ಹೊಲಕ್ಕೆ ಹೋಗುತ್ತಾಳೆ, ಹಿಂದೆಯೇ ಮದುವೆ ಮಾತು. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ರಾಜ್ಯದಲ್ಲೇ ಕಡಿಮೆ, 100ಕ್ಕೆ 52. ಹೆಣ್ಣುಮಕ್ಕಳದು 41 ಮಾತ್ರ. ಕಡಿತವಾದ ರೊಕ್ಕ ಇಂಥ ಕಡೆಯೇ ಹೆಚ್ಚು ನೋವು ಕೊಡುತ್ತದೆ.

ಖಾಲಿ ಹುದ್ದೆಯೂ ಒಂದು ಉಳಿತಾಯವೇ. ಕಾಯಂ ಮಾಸ್ತರರ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ, ಅದೂ ಸಾಲಿ ಶುರುವಾದ ಮೇಲೆ. ಅವರಿಗೆ ಸಣ್ಣ ಗೌರವಧನ, ಬೇಸಿಗೆಗೆ ಅದೂ ಇಲ್ಲ. ಅವರನ್ನು ನಾವು ದೂರುವುದು ಸರಿಯಲ್ಲ. 2013ರಲ್ಲಿ ಜಾರಿಗೆ ಬಂದ 371ಜೆ ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಟ್ಟಿದೆ. ಹುದ್ದೆಗೆ ಅರ್ಜಿ ಕರೆದರೆ ತಾನೆ ಅದರ ಉಪಯೋಗ!

ಕಾಯ್ದೆ ನಮ್ಮ ಕೈಯಲ್ಲಿದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳಿಗೆ 2 ಶಿಕ್ಷಕರು, 61ರಿಂದ 90 ಮಕ್ಕಳಿಗೆ 3 ಶಿಕ್ಷಕರು ಇರಲೇಬೇಕು. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಂದಿರು, ಅರ್ಧ ಹೆಣ್ಣುಮಕ್ಕಳು ಇರಬೇಕು. ಎಸ್‌ಡಿಎಂಸಿ ಅಂತೀವಲ್ಲ, ಅದೇ. ಗಂಡ ಹೋಗಿ ಸಹಿ ಮಾಡಿ ಬಂದರೆ ನಾವು ಹೋದಂತೆ ಆಗುವುದಿಲ್ಲ.

ಮುಂದಿನ ಸಭೆಯಲ್ಲಿ ಮಾತಾಡಿ: ನಮ್ಮೂರ ಸಾಲಿಯಲ್ಲಿ ಮಕ್ಕಳೆಷ್ಟು, ಕಾಯಂ ಶಿಕ್ಷಕರೆಷ್ಟು? 7ನೇ ತರಗತಿ ಆದ ಮೇಲೆ ಯಾವ ಮನೆಯ ಹುಡುಗಿ ಮನೆಯಲ್ಲೇ ಉಳಿದಳು, ಯಾಕೆ? ಸಮಿತಿಯಲ್ಲಿ ನಮ್ಮ ಸಂಘದವರು ಯಾರಿದ್ದಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಶಿಕ್ಷಕರು ಕಡಿಮೆ ಇದ್ದರೆ ಯಾದಗಿರಿ, ಶಹಾಪುರ ಅಥವಾ ಸುರಪುರದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಎಲ್ಲರ ಸಹಿ ಹಾಕಿ ಅರ್ಜಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೇ ಬನ್ನಿ.