ರ‍್ಯಾಂಕ್ ಇಲ್ಲದ ಮೇಷ್ಟರು

ಪ್ರಶ್ನೆ: ನನಗೀಗ 46. ಊರು ಕುಂದಾಪುರದ ಹತ್ತಿರ, ಸಂಸಾರ ಡೊಂಬಿವಿಲಿಯಲ್ಲಿ. ಮೊದಲು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ನೌಕಾ ಸಮರ ಕಾಲೇಜು ಉರಣ್ ಬಳಿಯ ಕಾರಂಜಾದಲ್ಲಿದ್ದಾಗ ಭಾವುಚಾ ಧಕ್ಕಾದಿಂದ ಲಾಂಚ್ ಹಿಡಿದು ಹೋಗಿ, ಅಲ್ಲಿನ ಅಧಿಕಾರಿಗಳಿಗೆ ಅತಿಥಿ ಉಪನ್ಯಾಸ ಕೊಡುತ್ತಿದ್ದೆ. 2011ರಲ್ಲಿ ಆ ಕಾಲೇಜು ಗೋವಾಕ್ಕೆ ಹೋಯಿತು. ನಾನು ದಕ್ಷಿಣ ಮುಂಬಯಿಯ ನೀತಿ ಸಂಶೋಧನಾ ಸಂಸ್ಥೆಯೊಂದಕ್ಕೆ ಸೇರಿದೆ. ವರದಿ, ದುಂಡುಮೇಜಿನ ಸಭೆ, ದೆಹಲಿ ಓಡಾಟ, ಹೆಸರು, ಒಳ್ಳೆಯ ಸಂಬಳ ಎಲ್ಲ ಇದೆ. ಈಗ ಪುಣೆ ಕಡೆಯ ಸೇನಾ ತರಬೇತಿ ಸಂಸ್ಥೆಯೊಂದು ಮೂರು ವರ್ಷದ ಗುತ್ತಿಗೆಯ ಮೇಲೆ ಅಧಿಕಾರಿಗಳಿಗೆ ಪಾಠ ಹೇಳಲು ಕರೆದಿದೆ. ಮನಸ್ಸು ಎಳೆಯುತ್ತಿದೆ. ಸಂಬಳ ಮೂರನೇ ಒಂದು ಪಾಲು ಕಡಿಮೆ. ಮಗಳು ಹನ್ನೆರಡನೆಯ ತರಗತಿ. ಬ್ಯಾಂಕ್ ಉದ್ಯೋಗಿಯಾದ ಹೆಂಡತಿ ‘ನಿಮ್ಮಿಷ್ಟ’ ಎನ್ನುತ್ತಾಳೆ. ಊರಿನಿಂದ ಅಪ್ಪಯ್ಯ ಫೋನಿನಲ್ಲಿ ಕೇಳಿದರು: “ಮಾಷ್ಟ್ರಿಕೆ ಮಾಡುಕೆ ಬೊಂಬಾಯಿಗ್ ಹೋಯ್ಕಿತ್ತಾ?” ಇದು ಇಳಿಕೆಯೇ? ಬೇಡವೆನಿಸಿದರೆ ಮರಳಿ ಬರಲಾದೀತೇ?
– ಹೆಸರು ಬೇಡ, ಡೊಂಬಿವಿಲಿ

ಉತ್ತರ: ಹೋಗಿ ಎಂದೇ ನನ್ನ ಸಲಹೆ. ಆದರೆ ಮೂರು ವಿಷಯ ಬರಹದಲ್ಲಿ ಖಚಿತವಾದ ಮೇಲೆ ಹೋಗಿ.

ಇಳಿಕೆಯೇ ಎಂಬುದನ್ನು ಮೊದಲು ನೋಡೋಣ. ಸೇನೆಯ ಒಳಗೆ ಬೋಧಕನಾಗುವುದು ಇಳಿಕೆಯಲ್ಲ, ಆಯ್ದವರಿಗೆ ಸಿಗುವ ಮನ್ನಣೆ. ಸ್ಯಾಮ್ ಮಾಣೆಕ್‌ಷಾ 1959ರಲ್ಲಿ ವೆಲಿಂಗ್ಟನ್ನಿನ ಸ್ಟಾಫ್ ಕಾಲೇಜಿನ ಕಮಾಂಡೆಂಟ್ ಆದರು, ಹತ್ತು ವರ್ಷದ ಬಳಿಕ ಭೂಸೇನೆಯ ಮುಖ್ಯಸ್ಥರಾದರು. ಆದರೆ ಈ ಮಾತು ಸಮವಸ್ತ್ರದವರಿಗೆ ಸಲ್ಲುತ್ತದೆ. ನೀವು ಸಿವಿಲಿಯನ್. ಯಾರ ಕಾರು ಎಲ್ಲಿ ನಿಲ್ಲಬೇಕು, ಮೊದಲ ಸಾಲಿನ ಸೋಫಾ ಯಾರಿಗೆ, ಸಭೆಯಲ್ಲಿ ಕೊನೆಯ ಮಾತು ಯಾರದು, ಇವೆಲ್ಲ ಭುಜದ ಮೇಲಿನ ನಕ್ಷತ್ರ ಎಣಿಸಿ ತೀರ್ಮಾನವಾಗುವ ಆವರಣದಲ್ಲಿ ನಿಮ್ಮ ಭುಜ ಖಾಲಿ. ಇಷ್ಟು ವರ್ಷ ವಿಸಿಟಿಂಗ್ ಕಾರ್ಡಿನ ಬಲದಲ್ಲಿ ಓಡಾಡಿದವರಿಗೆ ಇದು ಚುಚ್ಚುತ್ತದೆ. ಸಂಬಳದ ಕಡಿತಕ್ಕಿಂತ ಹೆಚ್ಚು ದಿನ ಚುಚ್ಚುವುದು ಇದೇ.

ಆದರೆ ನಿಮ್ಮನ್ನು ಅಲ್ಲಿ ಬೆಲೆಯುಳ್ಳವರನ್ನಾಗಿ ಮಾಡುವುದೂ ಆ ಖಾಲಿ ಭುಜವೇ. ಸಿಂಡಿಕೇಟ್ ಕೋಣೆ ನಿಮಗೆ ಹೊಸದಲ್ಲ. ಮೇಜಿನ ಸುತ್ತ ಹತ್ತು ಹನ್ನೆರಡು ಮೇಜರ್‌ಗಳು, ಕಮಾಂಡರ್‌ಗಳು, ಎದುರಿಗೆ ಡಿ.ಎಸ್. (ಡೈರೆಕ್ಟಿಂಗ್ ಸ್ಟಾಫ್), ಅಂದರೆ ಚರ್ಚೆ ನಡೆಸಿ ಅಂಕ ಕೊಡುವ ಅಧಿಕಾರಿ. ಚರ್ಚೆ ಎಷ್ಟೇ ಜೋರಾಗಿ ನಡೆದರೂ ಎಲ್ಲರ ಕಣ್ಣು ‘ಡಿ.ಎಸ್. ಸೊಲ್ಯೂಷನ್’ ಏನಿರಬಹುದು ಎಂಬುದರ ಮೇಲೆ. ತಪ್ಪೇನಿಲ್ಲ, ಮುಂದಿನ ಪೋಸ್ಟಿಂಗ್ ಅದರ ಮೇಲೆ ನಿಂತಿರುತ್ತದೆ. ಅದೇ ಕೋಣೆಯಲ್ಲಿ 1962ರ ಚೀನಾ ಯುದ್ಧದ ಪಾಠ ಬರಲಿ. ಆ ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರಲ್ಲೇ ಸಲ್ಲಿಕೆಯಾಯಿತು, ಸರ್ಕಾರ ಅದನ್ನು ಅಧಿಕೃತವಾಗಿ ಪ್ರಕಟಿಸಿಲ್ಲ. ಮೇಲಿನವರ ತಪ್ಪು ಆದೇಶಕ್ಕೆ ಕೆಳಗಿನವನು ಏನು ಹೇಳಬೇಕಿತ್ತು? ಈ ಪ್ರಶ್ನೆಯನ್ನು ಕರ್ನಲ್ ಕೇಳಿದರೆ ಮೇಜರ್ ತೂಗಿ ಅಳೆದು ಉತ್ತರಿಸುತ್ತಾನೆ. ನೀವು ಕೇಳಿದರೆ ಅವನು ತಾನು ಕಂಡದ್ದನ್ನು ಹೇಳಬಹುದು. “ಸರ್, ನಿಮ್ಮ ಪುಸ್ತಕದಲ್ಲಿ ಸರಿ, ಗಡಿಯಲ್ಲಿ ಹಾಗಾಗುವುದಿಲ್ಲ” ಎಂದೂ ಅನ್ನಬಹುದು. ಯಾಕೆಂದರೆ ಅವನ ವಾರ್ಷಿಕ ಗೌಪ್ಯ ವರದಿ (ಎ.ಸಿ.ಆರ್.) ಬರೆಯುವವರು ನೀವಲ್ಲ. ಕಾರಂಜಾದ ತರಗತಿಯಲ್ಲಿ ನಿಮ್ಮನ್ನು ಹಿಡಿದಿಟ್ಟದ್ದು ಬಹುಶಃ ಇದೇ, ಮನಸ್ಸು ಈಗಲೂ ಎಳೆಯುತ್ತಿರುವುದೂ ಇದಕ್ಕೇ.

ನೀತಿಯ ಕೆಲಸ ಬಿಟ್ಟೆನಲ್ಲ ಎಂಬ ಅಳುಕು ಬೇಡ. ಆಲ್ಫ್ರೆಡ್ ಮಹಾನ್ ಅಮೆರಿಕದ ನ್ಯೂಪೋರ್ಟಿನ ನೌಕಾ ಸಮರ ಕಾಲೇಜಿನಲ್ಲಿ ಕೊಟ್ಟ ಉಪನ್ಯಾಸಗಳೇ 1890ರಲ್ಲಿ ಪುಸ್ತಕವಾಗಿ, ದೊಡ್ಡ ದೊಡ್ಡ ದೇಶಗಳ ನೌಕಾನೀತಿಯನ್ನು ತಿದ್ದಿದವು. ಎಲ್ಲರೂ ಮಹಾನ್ ಆಗುವುದಿಲ್ಲ ಬಿಡಿ. ಆದರೆ ನಿಮ್ಮ ವರದಿಯನ್ನು ದೆಹಲಿಯಲ್ಲಿ ಓದಿದವರೆಷ್ಟು ಜನವೋ ನಿಮಗೇ ಗೊತ್ತು. ನಿಮ್ಮ ತರಗತಿಯಲ್ಲಿ ಕೂತವನು ಇನ್ನು ಹದಿನೈದು ವರ್ಷಕ್ಕೆ ಅಂಥ ವರದಿಯ ಮೇಲೆ ಷರಾ ಬರೆಯುವ ಕುರ್ಚಿಯಲ್ಲಿರಬಹುದು.

ಅಪ್ಪಯ್ಯನವರಿಗೆ ಮುಂಬಯಿ ಕನ್ನಡಿಗರ ರಾತ್ರಿ ಶಾಲೆಗಳನ್ನು ನೆನಪಿಸಿ. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದ ಕರಾವಳಿಯ ಹುಡುಗರು ರಾತ್ರಿ ಕೋಟೆ (ಫೋರ್ಟ್) ಪ್ರದೇಶದ ಶಾಲೆಗಳಲ್ಲಿ ಮೆಟ್ರಿಕ್ ಓದಿದರು. ಹಗಲು ಆಫೀಸಿನಲ್ಲಿ ದುಡಿದ ಎಷ್ಟೋ ಜನ ರಾತ್ರಿ ಅವರಿಗೆ ಮೇಷ್ಟರಾದರು. ದುಡಿಮೆಯ ನಡುವಿನಿಂದ ಎದ್ದು ಬಂದವನಿಗೆ ಕಲಿಸುವುದು ನಮ್ಮವರು ಈ ಊರಿನಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ನೀವು ಮಾಡಹೊರಟಿರುವುದೂ ಅದೇ ಜಾತಿಯ ಕೆಲಸ. ಅಪ್ಪಯ್ಯ ಒಪ್ಪದಿದ್ದರೆ ಒಪ್ಪದಿರಲಿ, ವಾದಕ್ಕೆ ಇಳಿಯಬೇಡಿ.

ಇನ್ನು ಸಂಸ್ಥೆಯಿಂದ ಬರಹದಲ್ಲಿ ಕೇಳಬೇಕಾದದ್ದು. ಮೊದಲನೆಯದು, ಅಧಿಕಾರಿಗಳಿಗೆ ಅಂಕ ಕೊಡುವುದರಲ್ಲಿ ನಿಮ್ಮ ಪಾಲೆಷ್ಟು? ಪೂರ್ತಿ ಮೌಲ್ಯಮಾಪನ ನಿಮ್ಮ ಮೇಲೆ ಬಿದ್ದರೆ ನೀವೂ ಇನ್ನೊಬ್ಬ ಡಿ.ಎಸ್. ಆಗುತ್ತೀರಿ, ಆ ಬಿಚ್ಚುಮಾತು ನಿಂತುಹೋಗುತ್ತದೆ. ಎರಡನೆಯದು, ಪತ್ರಿಕೆಗೆ ಲೇಖನ ಬರೆಯಲು, ಟಿ.ವಿ. ಚರ್ಚೆಗೆ ಹೋಗಲು ಯಾರ ಅನುಮತಿ ಬೇಕು, ಎಷ್ಟು ದಿನದಲ್ಲಿ ಸಿಗುತ್ತದೆ? ರಕ್ಷಣಾ ಇಲಾಖೆಯ ನೆರಳಿನಲ್ಲಿ ಬರೆಯುವ ಕೈಗೆ ಕಟ್ಟುಪಾಡು ಇದ್ದೇ ಇರುತ್ತದೆ. ಹೋದ ಮೇಲೆ ತಿಳಿದು ಪರದಾಡುವುದು ಬೇಡ. ಮೂರನೆಯದು, ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬುದು ಅವಧಿ ಮುಗಿಯುವ ಎಷ್ಟು ತಿಂಗಳ ಮೊದಲು ಗೊತ್ತಾಗುತ್ತದೆ? ಕಮಾಂಡೆಂಟ್ ಎರಡು ಮೂರು ವರ್ಷಕ್ಕೆ ಬದಲಾಗುತ್ತಾರೆ. ಕರೆದವರು ಒಬ್ಬರು, ಮುಂದುವರಿಸಬೇಕಾದವರು ಇನ್ನೊಬ್ಬರು. ಹಾಗಾಗಿ ಬಾಯಿಮಾತನ್ನು ನೆಚ್ಚಬೇಡಿ.

ಹಣದ ವಿಷಯ ಚಿಕ್ಕದು. ಇಷ್ಟು ವರ್ಷದ ಸೇವೆಗೆ ಗ್ರಾಚುಯಿಟಿ ಬರಬೇಕು, ಲೆಕ್ಕ ಕೇಳಿ ಪಡೆಯಿರಿ. ಪಿ.ಎಫ್. ಹಿಂತೆಗೆಯಬೇಡಿ. ಮನೆ ಸಾಲ ಇದ್ದರೆ, ರಾಜೀನಾಮೆಗೆ ಮುನ್ನವೇ ನಾಲ್ಕು ತಿಂಗಳು ಹೊಸ ಸಂಬಳದಷ್ಟರಲ್ಲೇ ಸಂಸಾರ ನಡೆಸಿ ನೋಡಿ. ನಿಮ್ಮ ಹೆಂಡತಿಯ ‘ನಿಮ್ಮಿಷ್ಟ’ ಒಪ್ಪಿಗೆಯೋ ಅಲ್ಲವೋ ಆಗ ತಿಳಿಯುತ್ತದೆ.

ದಿನಾ ಓಡಾಡುವ ಯೋಚನೆಯಿದ್ದರೆ ಕೈಬಿಡಿ. ಡೆಕ್ಕನ್ ಕ್ವೀನ್ ಪುಣೆಯವರ ಅನುಕೂಲದ ಗಾಡಿ: ಬೆಳಿಗ್ಗೆ ಮುಂಬಯಿಗೆ ಬರುತ್ತದೆ, ಸಂಜೆ ಹಿಂದಿರುಗುತ್ತದೆ. ನಿಮ್ಮ ದಿಕ್ಕಿಗೆ ಒದಗುವುದು ನಸುಕಿನಲ್ಲಿ ಮುಂಬಯಿ ಬಿಡುವ ಇಂದ್ರಾಯಣಿ. ವಾರಕ್ಕೊಮ್ಮೆ ಸರಿ, ದಿನಾ ಆಗುವ ಮಾತಲ್ಲ. ಮಗಳ ಪರೀಕ್ಷೆ ಮುಗಿದ ಮೇಲೆ, ಹೊಸ ಕೋರ್ಸಿನ ಹೊತ್ತಿಗೆ ಸೇರುತ್ತೇನೆಂದು ಕೇಳಿ. ವಾರದ ಐದು ದಿನ ನೀವಿಲ್ಲದಾಗ ಮನೆಯ ಯಾವ ಕೆಲಸ ಯಾರ ತಲೆಗೆ ಬರುತ್ತದೆ ಎಂದು ಹೆಂಡತಿಯ ಜೊತೆ ಕೂತು ಮಾತಾಡಿ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಮರಳಿ ಬರುವ ದಾರಿ? ತುಮಕೂರು ಜಿಲ್ಲೆಯ ಅಣುವಿಜ್ಞಾನಿ ರಾಜಾ ರಾಮಣ್ಣ 1978ರಲ್ಲಿ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಬಿಟ್ಟು ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿ ದೆಹಲಿಗೆ ಹೋದರು, 1981ರಲ್ಲಿ ಮತ್ತೆ ಟ್ರಾಂಬೆಗೆ ಬಂದರು. 1988ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಹೊಣೆ ಹೊತ್ತರು. 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರು. ಅವರಂಥವರಿಗೆ ಬಾಗಿಲು ತಾನಾಗಿ ತೆರೆಯುತ್ತದೆ, ನಾವು ನೀವು ಚಿಲಕ ಬೀಳದಂತೆ ನೋಡಿಕೊಳ್ಳಬೇಕು. ಈಗಿನ ಸಂಸ್ಥೆಯಲ್ಲಿ ಗೌರವ ಫೆಲೋ ಆಗಿ ಹೆಸರು ಉಳಿಸಿಕೊಳ್ಳಲು ಸಾಧ್ಯವೇ ಎಂದು ಎರಡೂ ಕಡೆ ಕೇಳಿ. ಅನುಮತಿ ಸಿಕ್ಕರೆ ವರ್ಷಕ್ಕೊಂದಾದರೂ ಗಟ್ಟಿ ಲೇಖನ ಬರೆಯಿರಿ.

ಮೇಲಿನ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುವವರೆಗೆ ರಾಜೀನಾಮೆ ಕೊಡಬೇಡಿ. ಅನುಮತಿಯ ಕಟ್ಟುಪಾಡು ಬಿಗಿಯಾಗಿದ್ದರೂ, ಗುತ್ತಿಗೆ ಮೂರೇ ವರ್ಷಕ್ಕೆ ಮುಗಿಯುವಂತಿದ್ದರೂ ಹೋಗಬಹುದು. ಅಂಕಪಟ್ಟಿ ಮಾತ್ರ ಪೂರ್ತಿ ನಿಮ್ಮ ಕೈಗೇ ಬರುವುದಾದರೆ ಈಗಿರುವ ಕೆಲಸದಲ್ಲೇ ಇರಿ, ಅತಿಥಿ ಉಪನ್ಯಾಸಕ್ಕೆ ಹೋಗಿಬನ್ನಿ.