ಕೆಂಪು ಅಂಗಿಯ ಖರ್ಚು

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ನೋಡಲು ಪರಊರಿಗೆ ಹೋಗುವವರ ಜೇಬಿಗೆ ಹೆಚ್ಚು ಭಾರವಾಗುವುದು ಟಿಕೆಟ್ಟಲ್ಲ, ರಾತ್ರಿ ಮಲಗುವ ರೂಮು. ನಾನು ಒಮಾಹಾದಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡದ ಹಿಂದೆ ಮನೆಮಂದಿಯೆಲ್ಲ ಊರೂರು ಸುತ್ತಿ, ಪ್ರತಿ ಸಲ ಬಂದ ಮೇಲೆ ರಸೀದಿಗಳನ್ನು ಕೂಡಿಸಿ ನೋಡಿದಾಗ ತಿಳಿದ ಮೊದಲ ಸಂಗತಿ ಇದು. ಎರಡನೆಯದು, ಇಷ್ಟು ಸಂತೋಷ ಕೊಟ್ಟ ಖರ್ಚು ನಮ್ಮ ಮನೆಯ ಲೆಕ್ಕದಲ್ಲಿ ಬಹಳ ಇಲ್ಲ.

ಗೊತ್ತಿಲ್ಲದವರಿಗಾಗಿ ಆಟದ ಬಗ್ಗೆ ಎರಡು ಮಾತು. ಇದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್. ಕಾಲೇಜುಗಳ ನಡುವಿನ ಮೊದಲ ಪಂದ್ಯವೆಂದು ಇಲ್ಲಿನವರು ಲೆಕ್ಕ ಹಿಡಿಯುವುದು 1869ರ ನವೆಂಬರ್ 6ರಂದು ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಆಡಿದ ಪಂದ್ಯವನ್ನು. ಅಂದರೆ ಮೊದಲ ದಿನದಿಂದಲೇ ಒಬ್ಬರು ಇನ್ನೊಬ್ಬರ ಊರಿಗೆ ಹೋಗಿಯೇ ಆಡಬೇಕಿತ್ತು. ಈಗ ತಂಡವೊಂದಕ್ಕೆ ಋತುವಿನಲ್ಲಿ 12 ಪಂದ್ಯ, ಹೆಚ್ಚಿನವು ಶನಿವಾರ, ಅರ್ಧಕ್ಕೆ ಸ್ವಲ್ಪ ಕಡಿಮೆ ಹೊರಊರಿನಲ್ಲಿ. ನೆಬ್ರಾಸ್ಕಾ ರಾಜ್ಯಕ್ಕೆ ವೃತ್ತಿಪರ ಫುಟ್‌ಬಾಲ್ ತಂಡವಿಲ್ಲ, ಹಾಗಾಗಿ ರಾಜ್ಯದ ಪ್ರೀತಿಯೆಲ್ಲ ಈ ಒಂದು ಕಾಲೇಜು ತಂಡದ ಮೇಲೆ. ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂನಲ್ಲಿ ಸುಮಾರು 85 ಸಾವಿರ ಜನ ಕೂರುತ್ತಾರೆ. 1962ರಿಂದ ಅಲ್ಲಿನ ಒಂದು ಪಂದ್ಯಕ್ಕೂ ಟಿಕೆಟ್ ಮಾರಾಟವಾಗದೆ ಉಳಿದಿಲ್ಲ. ಪಂದ್ಯದ ದಿನ ಆ ಸ್ಟೇಡಿಯಂನಲ್ಲಿ ಇರುವಷ್ಟು ಜನ ಒಮಾಹಾ, ಲಿಂಕನ್ ಬಿಟ್ಟರೆ ರಾಜ್ಯದ ಬೇರೆ ಯಾವ ಊರಲ್ಲೂ ಇಲ್ಲ.

ಇಂಥ ಕಡೆ ಒಳ್ಳೆಯ ಸೀಟುಗಳು ಅಪ್ಪನಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತವೆ. ನಮ್ಮಂತೆ ಹೊರಗಿನಿಂದ ಬಂದವರಿಗೆ ಹಾಗೆ ಬಂದ ಸೀಟಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಋತುಪೂರ್ತಿ ಟಿಕೆಟ್ ಬೇಕೆಂದರೆ ದರದ ಜೊತೆಗೆ ಕ್ರೀಡಾ ವಿಭಾಗಕ್ಕೆ ದೇಣಿಗೆಯನ್ನೂ ಕೊಡಬೇಕಾಗುತ್ತದೆ. ಹಿಂದೆ ಆ ದೇಣಿಗೆಯಲ್ಲಿ ಶೇ 80ರಷ್ಟನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದಿತ್ತು. 2017ರ ತೆರಿಗೆ ಕಾನೂನು ಆ ಸೌಲಭ್ಯವನ್ನು ತೆಗೆದುಹಾಕಿತು. 2018ರಿಂದ ಸೀಟಿಗಾಗಿ ಕೊಟ್ಟ ದೇಣಿಗೆಗೆ ಒಂದು ಪೈಸೆಯ ವಿನಾಯಿತಿಯೂ ಇಲ್ಲ. ಅದು ಗೊತ್ತಿಲ್ಲದೆ ಈಗಲೂ ‘ಹೇಗೂ ತೆರಿಗೆಯಲ್ಲಿ ಬರುತ್ತಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ನಾವು ಆ ಲೆಕ್ಕ ಹಾಕಿಯೇ ಋತುಪೂರ್ತಿ ಟಿಕೆಟ್ ಬೇಡವೆಂದು ತೀರ್ಮಾನಿಸಿದೆವು. ಆ ಹಣದಲ್ಲಿ ವರ್ಷಕ್ಕೊಮ್ಮೆ ಪರಊರಿನ ಪಂದ್ಯಕ್ಕೆ ಹೋಗುವುದೆಂದಾಯಿತು. ಪಕ್ಕದ ಮನೆಯ ಹಿರಿಯ ದಂಪತಿ ಜೊತೆಗೂಡಿದರು.

ಅವರು ಹಳೆಯ ಹುಲಿಗಳು. 2000ದ ಸೆಪ್ಟೆಂಬರಿನಲ್ಲಿ ಇಂಡಿಯಾನಾದ ಸೌತ್ ಬೆಂಡ್‌ಗೆ, ನೋಟರ್ ಡೇಮ್ ವಿರುದ್ಧದ ಪಂದ್ಯಕ್ಕೆ ಹೋದವರು. ಆ ಪ್ರಯಾಣದ ಬಗ್ಗೆ ಇಲ್ಲಿ ಇಂದಿಗೂ ಮಾತಾಡುತ್ತಾರೆ. ನೋಟರ್ ಡೇಮ್‌ನ ಟಿಕೆಟ್‌ದಾರರು ಒಳ್ಳೆಯ ಬೆಲೆಗೆ ತಮ್ಮ ಸೀಟು ಮಾರಿಕೊಂಡರು, ಕೊಂಡವರೆಲ್ಲ ನಮ್ಮ ತಂಡದ ಬಣ್ಣದ ಕೆಂಪು ಅಂಗಿಯವರು. ಎದುರಾಳಿಯ ಸ್ವಂತ ಮನೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ನೆಬ್ರಾಸ್ಕಾದವರು ಕೂತಿದ್ದರೆಂದು ಅಂದಾಜು. ಹೆಚ್ಚುವರಿ ಅವಧಿಯಲ್ಲಿ 27–24ರಿಂದ ಗೆದ್ದೂ ಬಂದರು. ಆ ದಿನ ತಾವು ಟಿಕೆಟ್ಟಿಗೆ ಎಷ್ಟು ಕೊಟ್ಟೆವೆಂಬುದು ಪಕ್ಕದ ಮನೆಯವರಿಗೆ ಈಗ ನೆನಪಿಲ್ಲ. ಮುಂದಿನ ಸಾಲಿನಲ್ಲಿ ಯಾರು ಕೂತಿದ್ದರು, ಹಿಂದಿರುಗುವಾಗ ಯಾವ ಊರಲ್ಲಿ ತಿಂಡಿ ತಿಂದೆವು ಎಂಬುದೆಲ್ಲ ಅಚ್ಚುಕಟ್ಟಾಗಿ ನೆನಪಿದೆ.

ಇನ್ನು ರೂಮಿನ ಮಾತು. ಐಯೋವಾ ಸಿಟಿ, ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಇವೆಲ್ಲ ಎದುರಾಳಿ ತಂಡಗಳ ಸಣ್ಣ ಊರುಗಳು. ವರ್ಷವಿಡೀ ಸಾಕಾಗುವಷ್ಟೇ ಹೋಟೆಲ್ ರೂಮುಗಳಿರುತ್ತವೆ, ಏಳೆಂಟು ಶನಿವಾರ ಮಾತ್ರ ಊರು ಹಿಡಿಸಲಾರದಷ್ಟು ಜನ ಬಂದಿಳಿಯುತ್ತಾರೆ. ದೀಪಾವಳಿಗೆ ಬೆಂಗಳೂರಿಂದ ಊರಿಗೆ ಹೊರಡುವ ಖಾಸಗಿ ಬಸ್ಸಿನ ದರ ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಬೆಲೆ ಎರಡು ಪಟ್ಟು, ಮೂರು ಪಟ್ಟು. ಅದರ ಮೇಲೆ ಎರಡು ರಾತ್ರಿ ಉಳಿಯಲೇಬೇಕೆಂಬ ಷರತ್ತು.

ಇದಕ್ಕೆ ಟಿವಿಯವರ ಕೈವಾಡವೂ ಸೇರುತ್ತದೆ. ಪಂದ್ಯ ಯಾವ ದಿನ, ಯಾರ ಊರಲ್ಲಿ ಎಂಬುದು ಬಹಳ ಮೊದಲೇ ಗೊತ್ತಿರುತ್ತದೆ. ಎಷ್ಟು ಗಂಟೆಗೆ ಎಂಬುದು ಮಾತ್ರ ಅನೇಕ ಪಂದ್ಯಗಳಿಗೆ 12 ದಿನ ಮುಂಚೆ, ಕೆಲವೊಮ್ಮೆ ಆರೇ ದಿನ ಮುಂಚೆ ತಿಳಿಯುತ್ತದೆ. ನಮ್ಮ ತಂಡವಿರುವ ಬಿಗ್ ಟೆನ್ ಒಕ್ಕೂಟದ ದೊಡ್ಡ ಪಂದ್ಯಗಳನ್ನು ತೋರಿಸುವುದು ಫಾಕ್ಸ್, ಸಿಬಿಎಸ್, ಎನ್‌ಬಿಸಿ. ಯಾವುದು ಯಾರಿಗೆ, ಯಾವ ಹೊತ್ತಿಗೆ ಎಂಬುದನ್ನು ಅವರು ತಂಡಗಳ ಸೋಲುಗೆಲುವು ನೋಡಿಕೊಂಡು ಆರಿಸುತ್ತಾರೆ. ಬೆಳಗ್ಗೆ 11ಕ್ಕೆ ಆಟ ಶುರುವಾದರೆ ಸಂಜೆಯೇ ಮನೆ ದಾರಿ ಹಿಡಿಯಬಹುದು. ಸಂಜೆ ಆರೂವರೆಗೆ ಎಂದರೆ ಮುಗಿಯುವಷ್ಟರಲ್ಲಿ ಹತ್ತು ಗಂಟೆ, ರೂಮು ಬೇಕೇ ಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ವಾಪಸ್ ಪಡೆಯಬಹುದಾದ ಖರ್ಚನ್ನು ಮೊದಲು ಮಾಡುವುದು, ವಾಪಸ್ ಬಾರದ್ದನ್ನು ಕೊನೆಗೆ. ಪಂದ್ಯದ ದಿನಾಂಕ ತಿಳಿದ ವಾರವೇ, ದಂಡವಿಲ್ಲದೆ ರದ್ದು ಮಾಡಬಹುದಾದ ರೂಮು ಹಿಡಿಯುತ್ತೇವೆ. ಮುಂಗಡವಾಗಿ ಪೂರ್ತಿ ಕೊಟ್ಟರೆ ಹತ್ತಿಪ್ಪತ್ತು ಡಾಲರ್ ಕಡಿಮೆ ಎಂಬ ಆಮಿಷಕ್ಕೆ ಬೀಳುವುದಿಲ್ಲ, ಏಕೆಂದರೆ ಆಟದ ಹೊತ್ತು ತಿಳಿದ ಮೇಲೆ ಬದಲಿಸುವ ಸ್ವಾತಂತ್ರ್ಯಕ್ಕೆ ಅದಕ್ಕಿಂತ ಬೆಲೆ ಜಾಸ್ತಿ. ರೂಮನ್ನು ಪಂದ್ಯದ ಊರಲ್ಲಿ ಹುಡುಕುವುದೂ ಇಲ್ಲ. ಮನೆಗೆ ಮರಳುವ ದಾರಿಯಲ್ಲಿ ಒಂದು-ಒಂದೂವರೆ ಗಂಟೆಯಷ್ಟು ದೂರದ ಊರಲ್ಲಿ ಹುಡುಕುತ್ತೇವೆ. ಐಯೋವಾ ಸಿಟಿಗೆ ಹೋದರೆ ಗ್ರಿನ್ನೆಲ್, ಕೊಲೊರಾಡೋದ ಬೌಲ್ಡರ್‌ಗೆ ಹೋದರೆ ಫೋರ್ಟ್ ಮಾರ್ಗನ್. ಅಲ್ಲಿ ಸಾಮಾನ್ಯ ದಿನದ ದರಕ್ಕೇ ರೂಮು ಸಿಕ್ಕಿದ್ದಿದೆ, ಮಾರನೇ ದಿನದ ದಾರಿಯೂ ಅಷ್ಟು ಕಡಿಮೆಯಾಗಿರುತ್ತದೆ.

ಟಿಕೆಟ್ ಕೊನೆಗೆ. ಅತಿಥಿ ತಂಡಕ್ಕೆ ಸಿಗುವ ಕೆಲವು ಸಾವಿರ ಸೀಟುಗಳು ಮೊದಲು ದೇಣಿಗೆದಾರರಿಗೆ ಹೋಗುತ್ತವೆ. ಉಳಿದವರು ಮರುಮಾರಾಟದಲ್ಲೇ ಕೊಳ್ಳಬೇಕು. ಚಳಿ ಹೆಚ್ಚಿದ್ದರೆ, ಆತಿಥೇಯ ತಂಡ ಸೋಲುತ್ತಾ ಬಂದಿದ್ದರೆ ಕೊನೆಯ ಎರಡು ದಿನದಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ. ಬದ್ಧವೈರಿಗಳ ಪಂದ್ಯಕ್ಕೆ ಈ ನಿಯಮ ನಡೆಯುವುದಿಲ್ಲ, ಅಲ್ಲಿ ಕಾಯುವುದು ದಂಡ. ಒಂದು ಒಳ್ಳೆಯ ಬದಲಾವಣೆ ಬಂದಿದೆ. 2025ರ ಮೇ 12ರಿಂದ ಜಾರಿಯಲ್ಲಿರುವ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮದಂತೆ ಟಿಕೆಟ್ ಮಾರುವವರೂ ಹೋಟೆಲಿನವರೂ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಒಟ್ಟು ದರವನ್ನು ಮೊದಲೇ ತೋರಿಸಬೇಕು. ಕೊನೆಯ ಪುಟದಲ್ಲಿ ‘ಸೇವಾ ಶುಲ್ಕ’ ಬಂದು ಎದೆ ಧಸಕ್ಕೆನ್ನುವ ಕಾಲ ಹೋಯಿತು. ಇನ್ನೊಂದು ಮಾತು, ಸ್ಟೇಡಿಯಂ ಹೊರಗೆ ಯಾರೋ ಫೋನಿನಲ್ಲಿ ತೋರಿಸುವ ಸ್ಕ್ರೀನ್‌ಶಾಟ್ ಟಿಕೆಟ್ ಕೊಳ್ಳಬೇಡಿ. ಈಗಿನ ಅನೇಕ ಟಿಕೆಟ್ಟುಗಳ ಬಾರ್‌ಕೋಡ್ ಕ್ಷಣಕ್ಷಣಕ್ಕೆ ಬದಲಾಗುತ್ತದೆ, ಗೇಟಿನಲ್ಲಿ ಅದು ನಡೆಯುವುದಿಲ್ಲ.

ಕಾರಿನ ಖರ್ಚೆಂದರೆ ಪೆಟ್ರೋಲ್ ಅಷ್ಟೇ ಎಂದುಕೊಳ್ಳುವವರೇ ಹೆಚ್ಚು. ಟೈರು, ಆಯಿಲ್, ವಿಮೆ, ಕಾರಿನ ಸವಕಳಿ ಎಲ್ಲ ಸೇರಿಸಿ ವ್ಯವಹಾರದ ಓಡಾಟಕ್ಕೆ ಇಲ್ಲಿನ ತೆರಿಗೆ ಇಲಾಖೆ 2025ಕ್ಕೆ ಗೊತ್ತುಮಾಡಿದ ದರ ಮೈಲಿಗೆ 70 ಸೆಂಟ್. ಮೋಜಿನ ಪ್ರಯಾಣಕ್ಕೆ ಅದರಿಂದ ವಿನಾಯಿತಿ ಸಿಗದು ನಿಜ, ಆದರೆ ಅಳತೆಗೋಲಾಗಿ ಅದು ಚೆನ್ನಾಗಿದೆ. ಒಮಾಹಾದಿಂದ ಐಯೋವಾ ಸಿಟಿಗೆ ಹೋಗಿಬರಲು ಸುಮಾರು 500 ಮೈಲಿ, ಅಂದರೆ 350 ಡಾಲರ್. ಒಬ್ಬರೇ ಹೋದರೆ ಇದು ಟಿಕೆಟ್ಟನ್ನೂ ಮೀರಬಹುದು. ನಾಲ್ವರು ಹೋದರೆ ತಲೆಗೆ 90ರೊಳಗೆ. ಊಟ ನಮ್ಮದೇ. ಸ್ಟೇಡಿಯಂ ಹೊರಗಿನ ಮೈದಾನದಲ್ಲಿ ಕಾರಿನ ಡಿಕ್ಕಿ ತೆರೆದು ಒಲೆ ಹಚ್ಚಿ ತಿನ್ನುವ ಟೇಲ್‌ಗೇಟ್ ಇಲ್ಲಿನ ಪದ್ಧತಿ. ಪುಳಿಯೋಗರೆ ಗೊಜ್ಜು, ಕೋಡುಬಳೆ ಡಬ್ಬಿ ನಮ್ಮ ಜೊತೆ ಬರುತ್ತವೆ. ಪಕ್ಕದ ಕಾರಿನವರು, ಅವರು ಎದುರಾಳಿ ಬಣ್ಣದವರಾದರೂ ಸರಿ, ಸುಟ್ಟ ಜೋಳ ಕೊಟ್ಟು ಕೋಡುಬಳೆ ತೆಗೆದುಕೊಂಡು ಹೋಗುತ್ತಾರೆ.

ಈ ಐಯೋವಾ ಸಿಟಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ಶುಕ್ರವಾರ ನೆಬ್ರಾಸ್ಕಾ ಮತ್ತು ಐಯೋವಾ ಆಡುವುದು 2011ರಿಂದ ಬಂದ ರೂಢಿ. 2022ರ ನವೆಂಬರ್ 25ರಂದು ನಾವು ಅಲ್ಲಿನ ಕಿನ್ನಿಕ್ ಸ್ಟೇಡಿಯಂನಲ್ಲಿದ್ದೆವು. 1939ರಲ್ಲಿ ಕಾಲೇಜು ಫುಟ್‌ಬಾಲಿನ ಹೈಸ್‌ಮನ್ ಪ್ರಶಸ್ತಿ ಗೆದ್ದ ನೈಲ್ ಕಿನ್ನಿಕ್ ಹೆಸರಿನ ಆ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆಯ ಎತ್ತರದ ಕಟ್ಟಡವಿದೆ, ಅದರ ಮೇಲಿನ ಮಹಡಿಯಿಂದ ಮೈದಾನ ಕಾಣುತ್ತದೆ. 2017ರಿಂದ ಅಲ್ಲೊಂದು ಸಂಪ್ರದಾಯ. ಮೊದಲ ಕಾಲುಭಾಗ ಮುಗಿದ ಕೂಡಲೇ ಸುಮಾರು 70 ಸಾವಿರ ಜನ, ಎರಡೂ ತಂಡದ ಆಟಗಾರರು, ಅಂಪೈರುಗಳು ಎಲ್ಲರೂ ಆ ಕಡೆ ತಿರುಗಿ ಕಿಟಕಿಗಳಲ್ಲಿರುವ ಮಕ್ಕಳಿಗೆ ಕೈಬೀಸುತ್ತಾರೆ. ಐಯೋವಾದವರ ಹಳದಿ-ಕಪ್ಪಿನ ನಡುವೆ ಕೆಂಪು ಅಂಗಿಯ ನಾವೂ ಕೈ ಎತ್ತಿದೆವು. ನನ್ನ ಪಕ್ಕದಲ್ಲಿದ್ದ ಐಯೋವಾದ ಹೆಂಗಸು ಅಳುತ್ತಿದ್ದರು, ನಾನೂ ಅತ್ತೆ. ಸತತ ಏಳು ವರ್ಷ ಐಯೋವಾಗೆ ಸೋತಿದ್ದ ನೆಬ್ರಾಸ್ಕಾ ಆ ದಿನ 24–17ರಿಂದ ಗೆದ್ದಿತು. ಆ ಋತುವಿನಲ್ಲಿ ನಮಗೆ ಸಿಕ್ಕಿದ್ದು ನಾಲ್ಕೇ ಗೆಲುವು, ಅದರಲ್ಲಿ ಇದೊಂದು. ಕಾರಿನಲ್ಲಿ ಪಕ್ಕದ ಮನೆಯ ಹಿರಿಯರು ಗ್ರಿನ್ನೆಲ್ ತಲುಪುವವರೆಗೂ ಮಾತು ನಿಲ್ಲಿಸಲಿಲ್ಲ.

ಎಲ್ಲ ಸಲವೂ ಹೀಗಾಗುವುದಿಲ್ಲ. 2019ರ ಸೆಪ್ಟೆಂಬರ್ 7ರಂದು ಬೌಲ್ಡರ್‌ನಲ್ಲಿ, ಫ್ಲಾಟೈರನ್ ಬೆಟ್ಟಗಳ ಕೆಳಗಿನ ಫೋಲ್ಸಮ್ ಫೀಲ್ಡ್‌ನಲ್ಲಿ ಎಲ್ಲಿ ನೋಡಿದರೂ ಕೆಂಪೇ. ಅರ್ಧ ಆಟಕ್ಕೆ 17–0 ಮುಂದಿದ್ದ ನಮ್ಮವರು ಹೆಚ್ಚುವರಿ ಅವಧಿಯಲ್ಲಿ 34–31ಕ್ಕೆ ಸೋತರು. ಆದರೂ ಹೇಳುತ್ತೇನೆ, ಆ ಪ್ರಯಾಣಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಗೆದ್ದರೆ ಮಾತ್ರ ಬೆಲೆಬಾಳುತ್ತದೆ ಎನ್ನಿಸುವಷ್ಟು ಹಣವನ್ನು ಒಂದು ಪಂದ್ಯದ ಮೇಲೆ ಹಾಕಲೇಬಾರದು. ನನ್ನ ದೃಷ್ಟಿಯಲ್ಲಿ ಅದೇ ಮಿತಿ.

ಹಣ ಹೊಂದಿಸುವುದಕ್ಕೆ ನಮ್ಮದು ಬೇರೆಯೇ ಖಾತೆ. ಜನವರಿಯಿಂದ ತಿಂಗಳಿಗೆ 50 ಡಾಲರ್ ತಾನಾಗಿ ಅದಕ್ಕೆ ಹೋಗುತ್ತದೆ, ಊರಲ್ಲಿ ಆರ್‌ಡಿ ಕಟ್ಟುವ ಹಾಗೆಯೇ. ಆಗಸ್ಟ್ ಹೊತ್ತಿಗೆ ಖಾತೆಯಲ್ಲಿ ಇರುವಷ್ಟರಲ್ಲಿ ಯಾವ ಊರಿಗೆ ಹೋಗಬಹುದೋ ಆ ಊರು. ಕ್ರೆಡಿಟ್ ಕಾರ್ಡಿನಲ್ಲಿ ಹೋಗಿಬಂದು ಆಮೇಲೆ ತೀರಿಸುವುದನ್ನು ನಾನು ಯಾರಿಗೂ ಹೇಳಲಾರೆ, ಬಾಕಿ ಉಳಿಸಿಕೊಂಡರೆ ಇಲ್ಲಿ ವರ್ಷಕ್ಕೆ ಶೇ 20 ಮೀರಿದ ಬಡ್ಡಿ. ಇದೇ ಲೆಕ್ಕದಿಂದ 2022ರ ಆಗಸ್ಟಿನಲ್ಲಿ ನಾವು ಐರ್ಲೆಂಡಿನ ಡಬ್ಲಿನ್‌ಗೆ ಹೋಗಲಿಲ್ಲ. ಅಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧದ ಪಂದ್ಯಕ್ಕೆ ಇಲ್ಲಿಂದ ಸಾವಿರಾರು ಜನ ಹಾರಿದರು. ಅಂದು ಸ್ಟೇಡಿಯಂನಲ್ಲಿ ಹಣ ಪಾವತಿಯ ವ್ಯವಸ್ಥೆ ಕೆಟ್ಟು ತಿಂಡಿ, ಬಿಯರ್ ಎಲ್ಲ ಪುಕ್ಕಟೆ ಹಂಚಿದರಂತೆ, ಪಂದ್ಯ 31–28ಕ್ಕೆ ಕೈತಪ್ಪಿತು. ಆ ವರ್ಷ ಅಮ್ಮನನ್ನು ನೋಡಲು ಶಿವಮೊಗ್ಗಕ್ಕೆ ಹೋಗುವುದಿತ್ತು. ವಿಮಾನದ ಟಿಕೆಟ್ ಎರಡು ಕಡೆಗೆ ಆಗುತ್ತಿರಲಿಲ್ಲ, ಯಾವ ಕಡೆಗೆ ಎಂದು ಯೋಚಿಸಬೇಕಾಗಿಯೂ ಬರಲಿಲ್ಲ.

2024ರಲ್ಲಿ ಪಶ್ಚಿಮ ಕರಾವಳಿಯ ಯುಎಸ್‌ಸಿ, ಯುಸಿಎಲ್‌ಎ, ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್ ಸೇರಿ ಒಕ್ಕೂಟ 18 ತಂಡಗಳದ್ದಾಯಿತು. ಟಿವಿ ಹಣದ ಬೆನ್ನು ಹತ್ತಿ ಮಾಡಿದ ಈ ವಿಸ್ತರಣೆ ಕಾರಿನಲ್ಲಿ ಹೋಗುವ ಅಭಿಮಾನಿಗೆ ಮಾಡಿದ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಆದರೂ ಲಾಸ್ ಏಂಜಲೀಸ್‌ನಂಥ ಊರಿನಲ್ಲಿ ರೂಮುಗಳಿಗೆ ಬರವಿಲ್ಲ, ಪಂದ್ಯವಿದೆಯೆಂದು ದರ ಅಷ್ಟಾಗಿ ಏರುವುದಿಲ್ಲ. ನಮ್ಮವರ ಮನೆಯೂ ಇರುತ್ತದೆ. ಆ ನವೆಂಬರಿನಲ್ಲಿ, 1932 ಮತ್ತು 1984ರ ಒಲಿಂಪಿಕ್ಸ್ ನಡೆದ ಅಲ್ಲಿನ ಕೊಲೀಸಿಯಂನಲ್ಲಿ ಯುಎಸ್‌ಸಿ ವಿರುದ್ಧದ ಪಂದ್ಯ ನೋಡಲು ಹೋದಾಗ ನಾವು ಉಳಿದದ್ದು ದೊಡ್ಡಮ್ಮನ ಮಗನ ಮನೆಯಲ್ಲಿ. ನೆಂಟರ ಮನೆಯೆಂದು ಖರ್ಚಿನ ಪಟ್ಟಿಯಿಂದ ಅದನ್ನು ತೆಗೆಯುವುದು ಸರಿಯಲ್ಲ. ಅತ್ತಿಗೆಗೊಂದು ಸೀರೆ, ಮನೆಮಂದಿಗೆಲ್ಲ ಒಂದು ಹೊತ್ತಿನ ಹೋಟೆಲ್ ಊಟ ನಮ್ಮ ಲೆಕ್ಕದಲ್ಲಿ ಮೊದಲೇ ಇತ್ತು.

ಮಕ್ಕಳನ್ನು ಅಮೆರಿಕದಲ್ಲಿ ಓದಿಸುತ್ತಿರುವ ಕನ್ನಡಿಗ ತಂದೆತಾಯಿಗಳು ಪದವಿ ಪ್ರದಾನ ನೋಡಲು ತಪ್ಪದೆ ಬರುತ್ತೀರಿ. ಸಾಧ್ಯವಾದರೆ ಅದಕ್ಕೂ ಮೊದಲೊಂದು ಶರತ್ಕಾಲದಲ್ಲಿ ಬನ್ನಿ. ಮಗಳ ಕಾಲೇಜಿನ ಬಣ್ಣದ ಅಂಗಿ ತೊಟ್ಟು, ಅವಳ ಗೆಳೆಯ ಗೆಳತಿಯರನ್ನೂ ಕಾರಿನಲ್ಲಿ ಕೂರಿಸಿಕೊಂಡು ಒಂದು ಹೊರಊರಿನ ಪಂದ್ಯಕ್ಕೆ ಹೋಗಿಬನ್ನಿ. ಮುಂದಿನ ಋತುವಿನ ವೇಳಾಪಟ್ಟಿ ಹೊರಬಿದ್ದ ದಿನವೇ ದಾರಿಯಲ್ಲಿನ ಯಾವುದಾದರೂ ಸಣ್ಣ ಊರಲ್ಲಿ ರೂಮು ಹಿಡಿಯಿರಿ, ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಬರುವಂಥದ್ದನ್ನೇ ಹಿಡಿಯಿರಿ.