ಮಳೆಗಾಲದಲ್ಲಿ ತೈಲವರ್ಣ: ಎಂಟನೆಯ ತರಗತಿಯ ನಾಲ್ಕು ಅವಧಿಗಳು

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಸಕಲೇಶಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ಎಂಟನೆಯ ತರಗತಿ, ಜುಲೈ ತಿಂಗಳು. ತೈಲವರ್ಣದ ಪಾಠಯೋಜನೆ ಬರೆದಾಗ ಸಹಪಾಠಿಗಳು ಬೇಡವೆಂದರು. ನಲವತ್ತು ನಿಮಿಷದಲ್ಲಿ ಮುಗಿಯದು, ಮಳೆಯಲ್ಲಿ ಒಣಗದು, ಖರ್ಚು ಹೆಚ್ಚು ಎಂಬುದು ಅವರ ಆಕ್ಷೇಪ. ಮೂರೂ ನಿಜವೇ. ಆದರೂ ಬೇಗ ಒಣಗದಿರುವುದೇ ಈ ಮಾಧ್ಯಮದ ಗುಣವಾದ್ದರಿಂದ ಅದನ್ನೇ ಪಾಠದ ವಸ್ತುವಾಗಿ ಮಾಡಿಕೊಂಡೆ.

ಖರ್ಚಿಗೆ ಉಪಾಯವಿದೆ. ನಾಲ್ವರ ಗುಂಪಿಗೆ ಐದೇ ಬಣ್ಣ: ಬಿಳಿ, ನಿಂಬೆ ಹಳದಿ, ಅಲ್ಟ್ರಾಮರೀನ್ ನೀಲಿ, ಕ್ರಿಮ್ಸನ್ ಕೆಂಪು, ಬರ್ನ್ಟ್ ಅಂಬರ್ ಕಂದು. ಕ್ಯಾನ್ವಾಸಿನ ಬದಲು ಹಾರ್ಡ್‌ಬೋರ್ಡ್ ತುಂಡುಗಳಿಗೆ ಉಪ್ಪುಕಾಗದ ಉಜ್ಜಿ, ಎರಡು ಸಲ ಅಕ್ರಿಲಿಕ್ ಪ್ರೈಮರ್ ಬಳಿದೆವು. ಬರಿಯ ಹಲಗೆ ಎಣ್ಣೆಯನ್ನೆಲ್ಲ ಹೀರಿದರೆ ಬಣ್ಣ ಪುಡಿಪುಡಿಯಾಗುತ್ತದೆ. ಬಣ್ಣ ಬೆರೆಸಲು ಮನೆ ಕಟ್ಟಿ ಉಳಿದ ಬಿಳಿ ಟೈಲ್ಸ್ ತುಂಡುಗಳು ಸಾಕಾದವು.

ಮೊದಲ ಅವಧಿಯಲ್ಲಿ ಕುಂಚ ಮುಟ್ಟಲಿಲ್ಲ. "ಕೊಬ್ಬರಿ ಎಣ್ಣೆ ಹಾಕಬಹುದಾ ಮಿಸ್?" ಎಂದು ಒಬ್ಬಳು ಕೇಳಿದಳು. ಒಂದು ಗಾಜಿನ ಪಟ್ಟಿಗೆ ಅಗಸೆ ಎಣ್ಣೆ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಕಿಟಕಿಯ ಬಳಿ ಇಟ್ಟೆವು. ಹತ್ತು ದಿನಗಳ ನಂತರ ಅಗಸೆ ಎಣ್ಣೆ ಬೆರಳಿಗೆ ಅಂಟುತ್ತಿತ್ತು. ಕೊಬ್ಬರಿ ಎಣ್ಣೆ ಇದ್ದ ಹಾಗೇ ಇತ್ತು. ಜಲವರ್ಣದ ನೀರು ಆವಿಯಾಗುತ್ತದೆ. ಅಗಸೆ ಎಣ್ಣೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ವಿಜ್ಞಾನದ ಅವಧಿಯಲ್ಲಿ ಉತ್ಕರ್ಷಣ ಎಂದು ಬಾಯಿಪಾಠ ಮಾಡಿದ್ದನ್ನು ಮಕ್ಕಳು ಇಲ್ಲಿ ಬೆರಳಿನಿಂದ ಮುಟ್ಟಿ ನೋಡಿದರು.

ಎರಡನೆಯ ಅವಧಿ, ಅಡಿಪದರ. ಅಂಬರಿಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ನೆರಳು-ಬೆಳಕನ್ನಷ್ಟೇ ಗುರುತಿಸುವುದು. ಅಂಬರಿನಲ್ಲಿರುವ ಮ್ಯಾಂಗನೀಸಿನಿಂದಾಗಿ ಅದು ಬೇಗ ಒಣಗುತ್ತದೆ, ಮಳೆಗಾಲಕ್ಕೆ ಹೇಳಿ ಮಾಡಿಸಿದ ಬಣ್ಣ. ಮೇಲೆ ಹೋದಂತೆ ಎಣ್ಣೆಯ ಅಂಶ ಹೆಚ್ಚಬೇಕು. ಎಣ್ಣೆ ಹೆಚ್ಚಿದ್ದು ಕೆಳಗಿದ್ದು, ಕಡಿಮೆಯಿದ್ದು ಮೇಲೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಮೇಲೆ ಒಣಗಿ ಒಳಗೆ ಕೆಸರಿರುವ ಗದ್ದೆಗೆ ಕಾಲಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಉತ್ತರ ಅವರಿಗೇ ಗೊತ್ತಿತ್ತು.

"ನನಗೆ ಡ್ರಾಯಿಂಗ್ ಬರಲ್ಲ" ಎಂದು ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗನೊಬ್ಬನಿದ್ದ. ಜಲವರ್ಣದಲ್ಲಿ ತಪ್ಪಿದರೆ ಕಾಗದವೇ ಹಾಳು. ಇಲ್ಲಿ ಹಾಗಲ್ಲ, ಹಸಿ ಬಣ್ಣವನ್ನು ಬಟ್ಟೆಯಿಂದ ಒರೆಸಿಬಿಡಬಹುದು. ಅವನು ಮಂಜರಾಬಾದ್ ಕೋಟೆಯ ಗುಡ್ಡವನ್ನು ಮೂರು ಸಲ ಒರೆಸಿ, ನಾಲ್ಕನೆಯ ಸಲ ಬರೆದ. ಅಷ್ಟು ಹೊತ್ತು ಅವನು ಒಂದೇ ಕೆಲಸದಲ್ಲಿ ಕೂತದ್ದನ್ನು ನೋಡಿಲ್ಲವೆಂದು ತರಗತಿಯ ಶಿಕ್ಷಕರು ಹೇಳಿದರು.

ಹಸಿರಿನ ಟ್ಯೂಬ್ ಬೇಕೆಂದೇ ಕೊಟ್ಟಿರಲಿಲ್ಲ. "ನಮ್ಮ ಗುಡ್ಡ ಪೂರ್ತಿ ಹಸಿರೇ ಅಲ್ವಾ ಮಿಸ್?" ಎಂದರು. ಕಿಟಕಿಯ ಬಳಿ ನಿಲ್ಲಿಸಿದೆ. ಹತ್ತಿರದ ಕಾಫಿ ಎಲೆ ಗಾಢ ಹಸಿರು, ಅದರಾಚೆಯ ಸಿಲ್ವರ್ ಓಕ್ ಬೂದು ಮಿಶ್ರಿತ, ದೂರದ ಸಾಲು ನೀಲಿ, ಕೊನೆಯದು ಹೆಚ್ಚುಕಡಿಮೆ ಮೋಡವೇ. ಹಳದಿ-ನೀಲಿಯ ಹಸಿರಿಗೆ ಕುಂಚದ ತುದಿಯಷ್ಟು ಕೆಂಪು ಸೇರಿಸಿದರೆ ಅದರ ಅಬ್ಬರ ಇಳಿಯುತ್ತದೆ; ದೂರಕ್ಕೆ ನೀಲಿ, ಬಿಳಿ ಹೆಚ್ಚಿಸಬೇಕು. ಮೂರನೆಯ, ನಾಲ್ಕನೆಯ ಅವಧಿಗಳು ಇದಕ್ಕೇ ಹೋದವು.

ಮುಂದೆ ಈ ಪಾಠ ಮಾಡುವವರು ಕಿಟಕಿಗಳನ್ನು ತೆರೆದಿಡಿ, ಟರ್ಪೆಂಟೈನ್ ಮುಚ್ಚಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನಾವು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆವು.

ಮೌಲ್ಯಮಾಪನ ಪಟ್ಟಿಯಲ್ಲಿ 'ಚಿತ್ರ ಪೂರ್ಣಗೊಳಿಸಿದ್ದಾರೆ' ಎಂಬ ಕಾಲಂ ಇತ್ತು. ಯಾರದೂ ಪೂರ್ಣವಾಗಿರಲಿಲ್ಲ. ಅದರ ಬದಲು ಬಣ್ಣ ಬೆರೆಸಿದ ರೀತಿಗೂ ಪದರಗಳ ಕ್ರಮಕ್ಕೂ ಅಂಕ ಕೊಟ್ಟೆ. ನಾನು ಬರುವಾಗ ಹಲಗೆಗಳು ಗೋಡೆಗೆ ಒರಗಿ ಒಣಗುತ್ತಿದ್ದವು. ಆರು ತಿಂಗಳು ಕಳೆದು, ಜನವರಿಯ ಬಿಸಿಲಿನಲ್ಲಿ ವಾರ್ನಿಷ್ ಹಚ್ಚುವ ವಿಧಾನವನ್ನು ಶಿಕ್ಷಕರಿಗೆ ಬರೆದುಕೊಟ್ಟಿದ್ದೇನೆ.